ಮಾಡವಿಲ್ಲದ ಮನೆಯ ಫ್ರಿಜ್ಜು

ಅಡುಗೆಮನೆಯ ಫ್ರಿಜ್ಜಿಗೆ ಒಳಮೈ, ಹೊರಮೈ ಎಂದು ಎರಡು ಮೈಗಳಿದ್ದು, ಒಳಮೈಗೆ ಸಿಕ್ಕ ಮರ್ಯಾದೆ ಹೊರಮೈಗೆ ಸಿಕ್ಕಿಲ್ಲ. ಒಳಗೆ ಹಾಲು ಯಾವ ಅರೆಯಲ್ಲಿರಬೇಕು, ಕೊತ್ತಂಬರಿ ಯಾವ ಡಬ್ಬಿಯಲ್ಲಿರಬೇಕು ಎಂಬುದನ್ನು ಕಂಪನಿಯ ಕೈಪಿಡಿ ಚಿತ್ರಸಮೇತ ತಿಳಿಸುತ್ತದೆ. ಹೊರಗಿನ ಬಗ್ಗೆ ಅದೇ ಕೈಪಿಡಿಯಲ್ಲಿ ಒಂದೆರಡು ಮಾತು ಇರುತ್ತವಾದರೂ, ಅವನ್ನು ಯಾರಾದರೂ ಓದುವ ಮೊದಲೇ ಕೈಪಿಡಿಯು ಫ್ರಿಜ್ಜಿನ ಮೇಲೆ ಹೋಗಿ ಕೂತಿರುತ್ತದೆ. ಇಲ್ಲಿ ಹೊರಮೈ ಎಂದರೆ ಬಾಗಿಲು, ನೆತ್ತಿ, ಎರಡು ಪಕ್ಕೆ, ಬೆನ್ನು ಮತ್ತು ಕಾಲಡಿಯ ಸ್ಟ್ಯಾಂಡು ಎಂದು ಅರ್ಥ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆಯ ಮನೆಗಳಲ್ಲಿ ಈ ಹೊರಮೈ ಹೇಗೆ ತುಂಬುತ್ತದೆ, ಏಕೆ ತುಂಬುತ್ತದೆ, ಅದನ್ನು ಹೇಗೆ ಖಾಲಿ ಮಾಡಬೇಕು ಎಂಬುದು ಮೇಲುನೋಟಕ್ಕೆ ಕಾಣುವಷ್ಟು ಹಗುರವಾದ ವಿಷಯವಲ್ಲ.

ಮೊದಲನೆಯದಾಗಿ, ಈ ಸೀಮೆಯ ಊಟದ ಕ್ರಮವನ್ನು ನೋಡಿದರೆ ಫ್ರಿಜ್ಜಿನ ಒಳಗೆ ಅಂಥ ದೊಡ್ಡ ಕೆಲಸವೇನೂ ಇಲ್ಲ. ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟ ಜೋಳದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿಗಳಿಗೆ, ಅಂದರೆ ಬೇರೆ ಸೀಮೆಯವರು ಚಟ್ನಿಪುಡಿ ಎನ್ನುವ ಪದಾರ್ಥಗಳಿಗೆ, ಮುಚ್ಚಳ ಬಿಗಿಯಾಗಿರುವ ಒಂದು ಡಬ್ಬಿ ಸಾಕು. ಇಂಥ ನೆಲದಲ್ಲಿ ಮಾತ್ರ ಇಂಥ ಗುಣ ಬರುತ್ತದೆ ಎಂದು ಸರ್ಕಾರ ಕೊಡುವ ಭೌಗೋಳಿಕ ಸೂಚಕ ಮಾನ್ಯತೆಯನ್ನು 2019ರಲ್ಲಿ ಪಡೆದ ಕಲಬುರಗಿಯ ತೊಗರಿಯು ಬೇಳೆಯಾದ ಮೇಲೂ ತಂಪನ್ನು ಬೇಡುವುದಿಲ್ಲ. ಹಾಲು, ಮೊಸರು, ಒಂದಿಷ್ಟು ಕಾಯಿಪಲ್ಲೆ, ತಂಪು ನೀರಿನ ನಾಲ್ಕು ಬಾಟಲಿ, ರಾತ್ರಿ ಉಳಿದ ಪಲ್ಯ, ಇಷ್ಟಕ್ಕೆ ಒಳಗಿನ ಸಂಸಾರ ಮುಗಿಯುತ್ತದೆ. ಹೀಗಾಗಿ ಅನೇಕ ಮನೆಗಳಲ್ಲಿ ಫ್ರಿಜ್ಜಿನ ಒಳಗಿಗಿಂತ ಹೊರಗೇ ಹೆಚ್ಚು ಸಾಮಾನು ಇರುತ್ತದೆ, ಮತ್ತು ದಿನದಲ್ಲಿ ಅದರ ಬಾಗಿಲನ್ನು ತೆರೆಯುವುದಕ್ಕಿಂತ ಹೆಚ್ಚು ಸಲ ಅದರ ನೆತ್ತಿಯನ್ನು ತಡಕುವುದು ನಡೆಯುತ್ತದೆ.

ಇದರ ಕಾರಣ ತಿಳಿಯಬೇಕಾದರೆ ಫ್ರಿಜ್ಜು ಬರುವ ಮೊದಲು ಈ ಮನೆಗಳು ಹೇಗಿದ್ದವು ಎಂಬುದನ್ನು ನೆನೆಯಬೇಕು. ಕಲ್ಲು ಮಣ್ಣು ಸೇರಿಸಿ ಕಟ್ಟಿದ ಹಳೆಯ ಮನೆಗಳ ಗೋಡೆ ಎರಡು ಮೊಳದಷ್ಟು ದಪ್ಪವಿರುತ್ತಿದ್ದು, ಆ ದಪ್ಪದೊಳಗೇ ಮಾಡಗಳನ್ನು ಬಿಡುತ್ತಿದ್ದರು. ಮಾಡ ಎಂದರೆ ಗೋಡೆಯಲ್ಲಿ ಕೊರೆದಂತೆ ಕಾಣುವ ಪುಟ್ಟ ಗೂಡು. ದೀಪಕ್ಕೊಂದು, ದೇವರಿಗೊಂದು, ಎಲೆ ಅಡಿಕೆಯ ಚಂಚಿಗೊಂದು ಎಂಬಂತೆ ಪ್ರತಿ ಮಾಡಕ್ಕೂ ಒಬ್ಬ ಒಡೆಯನಿರುತ್ತಿದ್ದ. ಕಂಬಕ್ಕೆ ಹೊಡೆದ ಗೂಟದಲ್ಲಿ ಅಂಗಿ, ರುಮಾಲು, ಬಾರುಕೋಲು ತೂಗುತ್ತಿದ್ದವು. ಜಂತಿಯಿಂದ ಇಳಿಬಿಟ್ಟ ನೆಲುವಿನಲ್ಲಿ, ಅಂದರೆ ಹಗ್ಗ ಹೆಣೆದು ಮಾಡಿದ ತೂಗುಬುಟ್ಟಿಯಲ್ಲಿ, ಹಾಲು ಮೊಸರು ಬೆಕ್ಕಿಗೆ ಎಟುಕದಂತೆ ಇರುತ್ತಿದ್ದವು. ಹಾಲಿನ ಲೆಕ್ಕವು ಬಾಗಿಲ ಪಕ್ಕದ ಗೋಡೆಯ ಮೇಲೆ ಇದ್ದಿಲ ಗೀರುಗಳಾಗಿ ನಿಲ್ಲುತ್ತಿತ್ತು. ಹೊಲದ ಕಾಗದಗಳು ದಫ್ತರದಲ್ಲಿ, ಅಂದರೆ ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಗಂಟಿನಲ್ಲಿ, ಅಟ್ಟ ಸೇರುತ್ತಿದ್ದವು. ಈ ದಫ್ತರ ಎಂಬ ಪದವು 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯ ಮನೆಮಾತಾಗಿ ಈಗಲೂ ಉಳಿದಿದೆ.

ಆ ಮನೆಗಳು ಬಿದ್ದು, ಇಟ್ಟಂಗಿಯ ತೆಳುಗೋಡೆಯ ಮೇಲೆ ಸ್ಲ್ಯಾಬು ಹಾಕಿದ ಮನೆಗಳು ಎದ್ದಾಗ ನೆಲಕ್ಕೆ ಶಹಾಬಾದಿನ ಫರಸಿಯೋ ಹೊಳೆಯುವ ಟೈಲ್ಸೋ ಬಂತು, ಆದರೆ ಗೋಡೆಯ ಮಾಡ, ಕಂಬದ ಗೂಟ, ಜಂತಿಯ ನೆಲುವು ಮೂರೂ ಒಮ್ಮೆಲೇ ಹೋದವು. ಸಾಮಾನು ಮಾತ್ರ ಹೋಗಲಿಲ್ಲ. ಅದು ನೆಲೆಯಿಲ್ಲದೆ ಅಲೆಯುತ್ತಿದ್ದ ಹೊತ್ತಿಗೆ ಆಳೆತ್ತರದ, ತಲೆ ಚಪ್ಪಟೆಯಾದ, ಮೈಯೆಲ್ಲ ಕಬ್ಬಿಣದ ತಗಡಾದ ಒಂದು ಪೆಟ್ಟಿಗೆ ಮನೆಗೆ ಬಂತು. ಅದು ಅಡುಗೆಮನೆಯಲ್ಲಿ ಹಿಡಿಸದೆ ಎಷ್ಟೋ ಕಡೆ ಪಡಸಾಲೆಯಲ್ಲೇ, ಬಂದವರಿಗೆಲ್ಲ ಕಾಣುವಂತೆ ನಿಂತಿತು. ಅದರ ನೆತ್ತಿ ಮಾಡವಾಯಿತು, ಹಿಡಿಕೆ ಗೂಟವಾಯಿತು, ಬಾಗಿಲು ಇದ್ದಿಲ ಗೀರಿನ ಗೋಡೆಯಾಯಿತು, ಒಟ್ಟು ಫ್ರಿಜ್ಜೇ ಮನೆಯ ದಫ್ತರವಾಯಿತು.

ಬಾಗಿಲಿನ ಮಟ್ಟಿಗೆ ಈ ಮಾತನ್ನು ಹತ್ತಿರದಿಂದಲೇ ನೋಡಬಹುದು. ಕಡುಗೆಂಪು ಬಣ್ಣದ, ಕಂಪನಿಯೇ ಹೂಬಳ್ಳಿ ಚಿತ್ರಿಸಿ ಕಳಿಸಿದ ಒಂದೇ ಬಾಗಿಲಿನ ಫ್ರಿಜ್ಜು ಈ ಕಡೆ ಬಹಳ. ಆ ಹೂಬಳ್ಳಿಯಲ್ಲಿ ಈಗ ಮೂಲೆಯ ಎರಡು ಎಸಳು ಮಾತ್ರ ಕಾಣುತ್ತವೆ. ಮೇಲ್ಭಾಗದಲ್ಲಿ ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಿಂದ ತಂದ ದತ್ತಾತ್ರೇಯನ ಮ್ಯಾಗ್ನೆಟ್ಟು, ಅದರ ಪಕ್ಕ ಗಡಿಯಾಚೆಯ ಅಕ್ಕಲಕೋಟ, ತುಳಜಾಪುರ, ಪಂಢರಪುರಗಳಿಂದ ಬಂದವು. ಬೇರೊಂದು ಮನೆಯಲ್ಲಿ ಅದೇ ಜಾಗದಲ್ಲಿ ಆಳಂದದ ಲಾಡ್ಲೇ ಮಶಾಕ್ ದರ್ಗಾದ್ದೋ ಕಲಬುರಗಿಯ ಬಂದೇನವಾಜ್ ದರ್ಗಾದ್ದೋ ಚಿತ್ರ. ಮತ್ತೊಂದರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರದ್ದು. ಈ ದೇವರುಗಳು ಬರಿಗೈಯಲ್ಲಿ ನಿಂತಿರುವುದಿಲ್ಲ. ಒಬ್ಬರ ಕೆಳಗೆ ಗ್ಯಾಸಿನ ಚೀಟಿ, ಒಬ್ಬರ ಕೆಳಗೆ ಟೇಲರನ ರಸೀದಿ, ಇನ್ನೊಬ್ಬರ ಕೆಳಗೆ ಅಜ್ಜನ ಬಿಪಿ ಗುಳಿಗೆಯ ಚೀಟಿ, ಮಗದೊಬ್ಬರ ಕೆಳಗೆ ಜೆಸ್ಕಾಂನ ಕರೆಂಟು ಬಿಲ್ಲು. ಈ ಬಿಲ್ಲು 2023ರ ಆಗಸ್ಟಿನಿಂದ, 200 ಯೂನಿಟ್ಟಿನೊಳಗೆ ತಮ್ಮ ಮಿತಿಯಲ್ಲಿ ಬಳಸುವ ಮನೆಗಳಿಗೆ ಗೃಹಜ್ಯೋತಿ ಯೋಜನೆಯಡಿ ಝೀರೋ ಬಿಲ್ಲಾಗಿ ಬರುತ್ತಿದೆ. ಕಟ್ಟಬೇಕಾದ್ದೇನೂ ಇಲ್ಲದಿದ್ದರೂ ಅದನ್ನು ಕೂಡಿಡುವ ರೂಢಿ ಮಾತ್ರ ತಪ್ಪಿಲ್ಲ.

ಇವೆಲ್ಲದರ ಅಡಿಯಲ್ಲಿ, ಅಂಗಡಿಯಿಂದ ಬಂದ ದಿನದಿಂದಲೂ ಕೀಳದೆ ಬಿಟ್ಟ ನಕ್ಷತ್ರಗಳ ಚೀಟಿಯೊಂದಿರುತ್ತದೆ. ಇಂಧನ ದಕ್ಷತಾ ಬ್ಯೂರೊ 2006ರಲ್ಲಿ ಆರಂಭಿಸಿದ ಈ ಸ್ಟಾರ್ ಗುರುತಿನಲ್ಲಿ, ಆ ಫ್ರಿಜ್ಜು ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟು ತಿನ್ನುತ್ತದೆ ಎಂಬ ಅಂಕಿ ಅಚ್ಚಾಗಿರುತ್ತದೆ. ಆ ಅಂಕಿಯನ್ನು ಸುತ್ತ ಗಾಳಿಯಾಡುವ ಪ್ರಯೋಗಶಾಲೆಯಲ್ಲಿ ಅಳೆದಿರುತ್ತಾರೆಯೇ ಹೊರತು, ಬೆನ್ನು ಗೋಡೆಗಂಟಿ, ಪಕ್ಕೆಗೆ ಜೋಳದ ಚೀಲ ಒತ್ತಿ, ನೆತ್ತಿಗೆ ರಗ್ಗು ಹೊದಿಸಿದ ಸ್ಥಿತಿಯಲ್ಲಿ ಅಲ್ಲ.

ಬಾಗಿಲ ಮೇಲೆ ಸಾಮಾನು ಅಂಟಿಸುವುದು ಈ ಸೀಮೆಯವರ ದೋಷವೆಂದು ಮಾತ್ರ ಯಾರೂ ತಿಳಿಯಬೇಕಾಗಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ 32 ಕುಟುಂಬಗಳ ಮನೆಗಳನ್ನು ಹೊಕ್ಕು, ಪುರಾತತ್ವದವರು ಉತ್ಖನನ ಮಾಡುವಂತೆ ಪ್ರತಿಯೊಂದು ವಸ್ತುವನ್ನೂ ಎಣಿಸಿ 2012ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಫ್ರಿಜ್ಜಿನ ಮುಂಭಾಗದಲ್ಲಿ ಅವರಿಗೆ ಸಾಮಾನ್ಯವಾಗಿ ಸಿಕ್ಕಿದ್ದು 52 ವಸ್ತುಗಳು, ಎಲ್ಲಕ್ಕಿಂತ ತುಂಬಿದ ಬಾಗಿಲಿನಲ್ಲಿ 166. ಬಾಗಿಲು ತುಂಬಿದ ಮನೆಯಲ್ಲಿ ಉಳಿದ ಕೋಣೆಗಳೂ ತುಂಬಿರುವ ಸಂಭವ ಹೆಚ್ಚೆಂಬುದನ್ನೂ ಅವರು ಗುರುತಿಸಿದರು. ಇನ್ನು ಬಾಗಿಲಿಗೂ ಅಯಸ್ಕಾಂತಕ್ಕೂ ನಂಟು ಬಂದ ಬಗೆ ಹೀಗಿದೆ: ಅಗುಳಿಯಿದ್ದ ಹಳೆಯ ಫ್ರಿಜ್ಜುಗಳೊಳಗೆ ಆಟವಾಡುತ್ತ ಸಿಕ್ಕಿಕೊಂಡ ಮಕ್ಕಳು ಉಸಿರುಗಟ್ಟಿ ಸಾಯುತ್ತಿದ್ದುದರಿಂದ, ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು ಅಮೆರಿಕ 1956ರಲ್ಲಿ ಕಾನೂನು ಮಾಡಿ 1958ರಲ್ಲಿ ಜಾರಿಗೆ ತಂದ ಮೇಲೆ, ಅಗುಳಿಯ ಬದಲು ಅಯಸ್ಕಾಂತ ಹುದುಗಿದ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್ಟು, ಎಲ್ಲೆಡೆ ರೂಢಿಗೆ ಬಂತು. ಭಾರತದಲ್ಲಿ ಗೋದ್ರೇಜ್ ಕಂಪನಿ ಮೊದಲ ಫ್ರಿಜ್ಜನ್ನು ತಯಾರಿಸಿದ್ದೂ ಅದೇ 1958ರಲ್ಲಿ. ಹೀಗೆ ಬಾಗಿಲನ್ನು ಒಳಗಿನಿಂದ ಹಿಡಿಯುವ ಅಯಸ್ಕಾಂತವು ಮಕ್ಕಳ ಜೀವಕ್ಕಾಗಿ ಬಂದದ್ದು. ಹೊರಗಿನಿಂದ ಹಿಡಿಯುವ ಅಯಸ್ಕಾಂತಕ್ಕೆ ಮಾತ್ರ ಟೇಲರನ ರಸೀದಿಗಿಂತ ಘನವಾದ ಉದ್ದೇಶ ಸಿಕ್ಕಿಲ್ಲ.

ನೆತ್ತಿಯ ಕಥೆ ಇನ್ನೂ ದಟ್ಟವಾದದ್ದು. ಅಲ್ಲಿ ಮೊದಲು ಬರುವುದು ಹೊದಿಕೆ: ಎರಡೂ ಪಕ್ಕೆಗೆ ಇಳಿಬಿದ್ದು, ಪ್ರತಿ ಪಕ್ಕೆಯಲ್ಲೂ ಮೂರು ಮೂರು ಜೇಬುಗಳಿರುವ ಬಟ್ಟೆ. ಜೇಬು ಎಂದಮೇಲೆ ತುಂಬಲೇಬೇಕಾದ್ದರಿಂದ ಅಲ್ಲಿ ಟಾರ್ಚು, ಮೊಂಬತ್ತಿ, ಸೂಜಿದಾರ, ನಿಂತುಹೋದ ಕೈಗಡಿಯಾರ, ಯಾವ ಕೀಲಿಗೂ ಸೇರದ ಕೀಲಿಕೈ ಸೇರುತ್ತವೆ. ಹೊದಿಕೆಯ ಮೇಲೆ ಸ್ಟೆಬಿಲೈಸರು, ಅದರ ಮೇಲೆ ಚಾರ್ಜರು, ಪಕ್ಕದಲ್ಲಿ ಅರ್ಧ ಕುಡಿದುಬಿಟ್ಟ ಕೆಮ್ಮಿನ ಔಷಧಿ, ಕಳೆದ ದಸರೆಯಲ್ಲಿ ಬಂಗಾರವೆಂದು ಕೊಟ್ಟ ಬನ್ನಿ ಎಲೆ, ಮತ್ತು ಒಂದು ಗೇಣೆತ್ತರಕ್ಕೆ ಬೆಳೆದ ಲಗ್ನಪತ್ರಿಕೆಗಳ ಕಟ್ಟು ಇರುತ್ತವೆ. ರೇಷನ್ ಕಾರ್ಡು, ಪಾಸ್‌ಬುಕ್ಕುಗಳು ಆ ಎತ್ತರಕ್ಕೆ ಏರಿರುವುದಕ್ಕೆ ಒಂದು ನ್ಯಾಯವಾದ ಕಾರಣವೂ ಉಂಟು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿದ ಮೇಲೆ, ಹೊಳೆದಂಡೆಯ ಮನೆಯಲ್ಲಿ ನೆಲದಿಂದ ಆಳೆತ್ತರದ ಜಾಗಕ್ಕೆ ಬೇರೆಯೇ ಬೆಲೆ ಬಂದಿದೆ.

ಇಷ್ಟೆಲ್ಲವನ್ನೂ ಹೊರುತ್ತಿರುವ ಫ್ರಿಜ್ಜು ವಾಸ್ತವವಾಗಿ ಯಾರ ವಾರಸುದಾರ ಎಂಬ ಪ್ರಶ್ನೆಯನ್ನು ಇಲ್ಲಿ ಕೇಳಬೇಕು. ಅದು ಮಾಡದ ಮಗನಲ್ಲ, ಗಡಿಗೆಯ ಮಗ. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯ ಬಿಸಿಲಿನಲ್ಲಿ ಕುಂಬಾರನ ಗಡಿಗೆ ನೀರನ್ನು ತಂಪಾಗಿಡುತ್ತಿದ್ದುದು ಅದರ ಹೊರಮೈಯಿಂದಲೇ: ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ, ಹಾಗೆ ಆವಿಯಾಗುವ ಪ್ರತಿ ಗ್ರಾಂ ನೀರು ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ, ಒಳಗೆ ಉಳಿದದ್ದು ತಂಪಾಗುತ್ತದೆ. ರಂಧ್ರ ಮುಚ್ಚಿದರೆ ತಂಪು ಹೋಗುತ್ತದೆಂಬುದನ್ನು ಬಲ್ಲ ಹೆಂಗಸರು ಗಡಿಗೆಯ ಹೊರಮೈಯನ್ನು ತಿಕ್ಕಿ ತೊಳೆದು, ಗಾಳಿ ಬೀಸುವ ಕಡೆ ಮರಳಿನ ಮೇಲೆ ಇಡುತ್ತಿದ್ದರು. ಅದರ ಮೇಲೆ ಒಂದು ಮುಚ್ಚಳ, ಮುಚ್ಚಳದ ಮೇಲೆ ಒಂದು ತಂಬಿಗೆ, ಅಷ್ಟೇ. ಗಡಿಗೆಯ ಮೇಲೆ ಯಾರೂ ಲಗ್ನಪತ್ರಿಕೆ ಇಟ್ಟಿರಲಿಲ್ಲ.

ಫ್ರಿಜ್ಜಿನ ಗುಟ್ಟೂ ಅದೇ. ಒಳಗಿನ ಶಾಖವನ್ನು ಹೀರಿಕೊಂಡ ಅನಿಲವನ್ನು ಕಂಪ್ರೆಸರು ಒತ್ತಿ ಬಿಸಿ ಮಾಡಿ ಕಂಡೆನ್ಸರಿಗೆ, ಅಂದರೆ ಶಾಖವನ್ನು ಹೊರಚೆಲ್ಲುವ ಕೊಳವೆಗಳಿಗೆ, ಕಳಿಸುತ್ತದೆ. ಅಲ್ಲಿ ಅನಿಲವು ಶಾಖವನ್ನು ಕೋಣೆಯ ಗಾಳಿಗೆ ಬಿಟ್ಟು ದ್ರವವಾಗಿ ಮತ್ತೆ ಒಳಗೆ ಹೋಗುತ್ತದೆ. ಹಳೆಯ ಮಾದರಿಗಳಲ್ಲಿ ಈ ಕೊಳವೆಗಳು ಬೆನ್ನ ಮೇಲೆ ಕರಿಯ ಜಾಲರಿಯಾಗಿ ಕಾಣುತ್ತವೆ, ಹೊಸ ಮಾದರಿಗಳಲ್ಲಿ ಬಹುಪಾಲು ಪಕ್ಕೆಯ ತಗಡಿನೊಳಗೇ ಅಡಗಿರುತ್ತವೆ. ಪಕ್ಕೆ ಮುಟ್ಟಿದರೆ ಬೆಚ್ಚಗಿರುವುದು ಕೆಟ್ಟದ್ದರ ಗುರುತಲ್ಲ, ಕೆಲಸದ ಗುರುತು. ಉಷ್ಣವಲಯದ ದರ್ಜೆಯೆಂದು ಗುರುತಿಸಿದ ಫ್ರಿಜ್ಜುಗಳನ್ನು ಸುತ್ತಲಿನ ಗಾಳಿ 43 ಡಿಗ್ರಿಯವರೆಗೆ ಇದ್ದರೂ ನಡೆಯುವಂತೆ ಮಾಡಿರುತ್ತಾರೆ, ಆದರೆ ಆ ಅಂಚಿನಲ್ಲೇ ಬೇಸಿಗೆ ಕಳೆಯುವ ಊರಿನಲ್ಲಿ ಅದಕ್ಕೆ ಕೌದಿ ಹೊದಿಸಿದಂತೆ ಜೇಬಿನ ಬಟ್ಟೆ ಹೊದಿಸುವುದು, ಬೆನ್ನನ್ನು ಗೋಡೆಗೆ ಒತ್ತುವುದು, ತೊಗರಿ ರಾಶಿಯ ಕಾಲದಲ್ಲಿ ಹಾರಿ ಬಂದ ಹೊಟ್ಟನ್ನೂ ಎರೆಮಣ್ಣಿನ ಧೂಳನ್ನೂ ಜಾಲರಿಯ ಮೇಲೆ ವರ್ಷಗಟ್ಟಲೆ ಬಿಡುವುದು, ಇವೆಲ್ಲ ಗಡಿಗೆಯ ರಂಧ್ರ ಮುಚ್ಚಿದ್ದಕ್ಕೆ ಸಮ. ಗಡಿಗೆಯ ವಾರಸುದಾರನ ಮೇಲೆ ಮಾಡದ ಕೆಲಸವನ್ನು ಹೇರಿರುವುದೇ ಫ್ರಿಜ್ಜಿನ ಹೊರಮೈಯ ಮೂಲ ತೊಂದರೆ.

ಶುಚಿಗೊಳಿಸುವ ಮುಹೂರ್ತವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಮಹಾನವಮಿಯ ಘಟ ಕೂಡಿಸುವ ಮೊದಲು ಮನೆಯ ಜೇಡಬಲೆ ಹೊಡೆದು, ಸುಣ್ಣ ಬಣ್ಣ ಹಚ್ಚಿ, ಕೌದಿಗಳನ್ನೆಲ್ಲ ಹೊಳೆಗೋ ಹಳ್ಳಕ್ಕೋ ಒಯ್ದು ಒಗೆಯುವ ವಾಡಿಕೆ ಇದ್ದೇ ಇದೆ. ಫ್ರಿಜ್ಜನ್ನೂ ಆ ಸಾಲಿಗೆ ಸೇರಿಸಿದರೆ ಸಾಕು. ಮೊದಲು ಪ್ಲಗ್ಗು ಕಿತ್ತು, ನೆತ್ತಿಯದ್ದನ್ನೂ ಬಾಗಿಲಿನದ್ದನ್ನೂ ಇಳಿಸಿ ಚಾಪೆಯ ಮೇಲೆ ಹರಡಬೇಕು. ಬೆನ್ನಿನ ಜಾಲರಿಯ ಧೂಳನ್ನು ಒಣ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಇಳಿಸಬೇಕು. ಹೊಸ ಫ್ರಿಜ್ಜುಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಐಸೊಬ್ಯೂಟೇನ್ ಬೆಂಕಿ ಹಿಡಿಯುವ ಅನಿಲವಾದ್ದರಿಂದ ಕೊಳವೆಗೆ ಚಾಕು, ಕಡ್ಡಿ ತಾಗಿಸಬಾರದು. ಕೆಲವು ಮಾದರಿಗಳಲ್ಲಿ ಕಂಪ್ರೆಸರಿನ ಮೇಲೆ ಹಿಮ ಕರಗಿದ ನೀರು ಬೀಳುವ ಪುಟ್ಟ ತಟ್ಟೆಯಿದ್ದು, ಅದರಲ್ಲಿ ನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಮನೆಯ ಮುಂದಿನ ಟೈರು, ತೊಟ್ಟಿಗಳನ್ನು ಬೋರಲು ಹಾಕಿದವರೂ ಈ ತಟ್ಟೆಯನ್ನು ಮರೆಯುವುದುಂಟು.

ಮೈ ಒರೆಸಲು ಸೌಮ್ಯವಾದ ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು. ಪಾತ್ರೆ ತಿಕ್ಕುವ ತಂತಿಯ ಉಂಡೆ, ಬೂದಿ ತಾಗಿದರೆ ಹೊಳಪು ಹೋಗಿ ಗೀರು ಬೀಳುತ್ತದೆ. ಬೋರಿನ ಸವಳು ನೀರು ಆರಿದಲ್ಲಿ ಬಿಳಿ ಕಲೆ ಉಳಿಯುವುದರಿಂದ ಒದ್ದೆ ಬಟ್ಟೆಯ ಬೆನ್ನಿಗೇ ಒಣ ಬಟ್ಟೆ ಓಡಬೇಕು. ಮಕ್ಕಳು ಅಂಟಿಸಿದ ಸ್ಟಿಕರಿನ ಗೋಂದಿಗೆ ಕುಸುಬಿ ಎಣ್ಣೆ ಹಚ್ಚಿ ಗಳಿಗೆ ಬಿಟ್ಟು ಒರೆಸಿದರೆ ಬರುತ್ತದೆ. ಗ್ಯಾಸ್ಕೆಟ್ಟಿನ ಮಡಿಕೆಗಳೊಳಗಿನ ಕರಿಯನ್ನು ಬೆರಳಿಗೆ ಬಟ್ಟೆ ಸುತ್ತಿಕೊಂಡು ತೆಗೆಯಬೇಕು. ಆಮೇಲೆ ಪ್ಲಗ್ಗು ಹಾಕುವ ಮೊದಲು ಒಂದು ಕಾಗದವನ್ನು ಅಡ್ಡವಿಟ್ಟು ಬಾಗಿಲು ಮುಚ್ಚಿ ಎಳೆದು ನೋಡಬೇಕು, ಬಿಗಿ ಹಿಡಿದರೆ ಗ್ಯಾಸ್ಕೆಟ್ಟು ಗಟ್ಟಿಯಿದೆ, ಸಲೀಸಾಗಿ ಜಾರಿ ಬಂದರೆ ತಂಪು ಸೋರುತ್ತಿದೆ. ಈ ಪರೀಕ್ಷೆಗೆ ಝೀರೋ ಬಿಲ್ಲಿನ ಕಾಗದವೇ ಧಾರಾಳ.

ಕೈಕೆಲಸ ಒಂದು ತಾಸಿನದು. ಚಾಪೆಯ ಮೇಲಿನ ನ್ಯಾಯ ಪಂಚಾಯಿತಿ ಇಡೀ ಮಧ್ಯಾಹ್ನದ್ದು. ಲಗ್ನಪತ್ರಿಕೆಯ ಕಟ್ಟಿಗೆ ಸೊಸೆ ಕೈಯಿಟ್ಟೊಡನೆ ಅತ್ತೆಯ ತಡೆಯಾಜ್ಞೆ ಬರುತ್ತದೆ: “ಇರ್ಲಿ ಬಿಡವ್ವ, ಮುಂದ ಬೇಕಾಗ್ತದ.” ಅದಕ್ಕೆ ಸೊಸೆಯ ವಾದ: “ಅತ್ತಿ, ಈ ಲಗ್ನ ಆಗಿ ಅವರ ಕೂಸು ಸಾಲಿಗಿ ಹೋಗ್ಲಾಕತ್ತದ್ರಿ.” ಇಬ್ಬರ ಮಾತಿನಲ್ಲೂ ತಥ್ಯವಿದೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ, ಮೇಲ್ಗಡೆ ಗಣಪತಿಯೋ ಬಸವಣ್ಣನೋ ಅಚ್ಚಾದ ಪತ್ರಿಕೆಯನ್ನು ಕಸದ ಬುಟ್ಟಿಗೆ ಹಾಕಲು ಕೈ ಬರುವುದಿಲ್ಲ. ಹಾಗೆಂದು ಭೀಮೆಗೆ ಬಿಡುವುದು ದೇವರಿಗೂ ಹೊಳೆಗೂ ಉಪಕಾರವಲ್ಲ, ಮ್ಯಾಗ್ನೆಟ್ಟು ಪ್ಲಾಸ್ಟಿಕ್ಕುಗಳನ್ನಂತೂ ಬಿಡಲೇಬಾರದು. ಚಿತ್ರವಿರುವ ಭಾಗವನ್ನು ಕತ್ತರಿಸಿ ಪುಸ್ತಕದೊಳಗಿಟ್ಟು, ಉಳಿದ ದಪ್ಪ ಕಾಗದವನ್ನು ರದ್ದಿಗೆ ಕೊಡುವುದು ಇಬ್ಬರೂ ಒಪ್ಪಬಹುದಾದ ರಾಜಿ.

ರಾಜಿಯ ಉಳಿದ ಕಲಮುಗಳು ಸರಳ. ಚಾಪೆಯ ಮೇಲಿನದ್ದನ್ನು ಬೇಕು, ಬೇಡ ಎಂದು ಎರಡೇ ಪಾಲು ಮಾಡಿದರೆ ಎಲ್ಲವೂ ಬೇಕಿನ ಪಾಲಿಗೇ ಬೀಳುತ್ತದೆ; ಅದರ ಬದಲು ಪ್ರತಿ ವಸ್ತುವೂ ಹಳೆಯ ಮನೆಯಲ್ಲಿ ಎಲ್ಲಿರುತ್ತಿತ್ತು ಎಂದು ಕೇಳಬೇಕು. ಕೀಲಿಕೈ ಗೂಟದ್ದು, ಬಾಗಿಲ ಹಿಂದೆ ಒಂದು ಮೊಳೆ ಹೊಡೆದರೆ ಆಯಿತು. ಪಾಸ್‌ಬುಕ್ಕು, ರೇಷನ್ ಕಾರ್ಡು, ಪಹಣಿ ದಫ್ತರದವು, ನೀರು ಹೋಗದ ಚೀಲದಲ್ಲಿ ಕಟ್ಟಿ ಕಪಾಟಿನ ಮೇಲರೆಗೆ ಏರಿಸಬೇಕು. ಗುಳಿಗೆ, ಔಷಧಿಗಳು ಮಕ್ಕಳಿಗೆ ಎಟುಕದ, ಶಾಖ ತಾಗದ ಡಬ್ಬಿಗೆ ಹೋಗಬೇಕು, ಅವಧಿ ಮುಗಿದವು ಹೊರಗೆ. ಬನ್ನಿ ಎಲೆಯನ್ನು ಹೊಸ ಬನ್ನಿ ಬರುವ ಮುನ್ನ ಗಿಡದ ಬುಡಕ್ಕೆ ಹಾಕಬಹುದು. ಹೀಗೆ ಎಲ್ಲವೂ ತಂತಮ್ಮ ಮನೆಗೆ ಹೋದ ಮೇಲೆ ಬಾಗಿಲ ಮೇಲೆ ನಿಜವಾಗಿ ಉಳಿಯಬೇಕಾದವು ಎರಡೋ ಮೂರೋ: ಅಜ್ಜನ ಗುಳಿಗೆಯ ಹೊತ್ತಿನ ಚೀಟಿ, ಆಪತ್ಕಾಲದ ಫೋನ್ ನಂಬರುಗಳು, ಮಗು ಬರೆದ ಚಿತ್ರ. ಮಹಾನವಮಿಯ ದಿನ ಕುಡುಗೋಲು, ಹೊಲಿಗೆ ಯಂತ್ರ, ಬೈಕುಗಳ ಸಾಲಿನಲ್ಲಿ ಫ್ರಿಜ್ಜಿಗೂ ವಿಭೂತಿ ಕುಂಕುಮ ಇಡುವ ಮನೆಗಳುಂಟು. ಇಡುವ ಕೈಗೆ ಆ ದಿನ ಬಾಗಿಲ ಮೇಲೆ ಒಂದು ಅಂಗೈಯಗಲ ಖಾಲಿ ಜಾಗ ಸಿಗುವಂತಿರಬೇಕು.

ಆದರೆ ಫ್ರಿಜ್ಜನ್ನು ವರ್ಷಕ್ಕೊಮ್ಮೆ ಬರಿದು ಮಾಡಿದರೂ ಮುಂದಿನ ಎಳ್ಳಮಾವಾಸ್ಯೆಯ ಹೊತ್ತಿಗೆ ಅದು ಮತ್ತೆ ತುಂಬುತ್ತದೆ, ಏಕೆಂದರೆ ಮನೆಗೆ ಬಂದ ಸಣ್ಣ ಸಾಮಾನಿಗೆ ನಿಲ್ಲಲು ಬೇರೆ ಜಾಗವಿಲ್ಲ. ಹಳೆಯ ಮಾಡಕ್ಕೆ ಗೋಡೆಯೇ ಮಿತಿ ಹಾಕಿತ್ತು, ಮೂರು ಸಾಮಾನು ಹಿಡಿಯುವಲ್ಲಿ ನಾಲ್ಕನೆಯದು ಇಟ್ಟರೆ ಮೊದಲನೆಯದು ಕೆಳಗೆ ಬೀಳುತ್ತಿತ್ತು. ಕಬ್ಬಿಣದ ಬಾಗಿಲಿಗೆ ಅಂಥ ಮಿತಿಯಿಲ್ಲ. ಆದ್ದರಿಂದ ಈ ಸೀಮೆಯಲ್ಲಿ ಹೊಸ ಮನೆ ಕಟ್ಟಿಸುವವರು ಸ್ಲ್ಯಾಬಿನ ಎತ್ತರ, ಟೈಲ್ಸಿನ ಬಣ್ಣಗಳ ಜೊತೆಗೆ ಇದೊಂದನ್ನೂ ಗೌಂಡಿಗೆ ಮೊದಲೇ ಹೇಳಿಡುವುದು ಒಳ್ಳೆಯದು: ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಎದೆಯೆತ್ತರಕ್ಕೆ, ಒಂದು ಗೇಣಗಲದ ಮಾಡ ಬಿಡು, ಫ್ರಿಜ್ಜು ನಿಲ್ಲುವ ಕಡೆ ಬೆನ್ನಿಗೂ ಪಕ್ಕೆಗೂ ನಾಲ್ಕು ನಾಲ್ಕು ಬೆರಳು ಗಾಳಿಯಾಡುವಷ್ಟು ಜಾಗ ಬಿಡು.